ನಡುವಿಗೆ ಕಟ್ಟಿದ ಭಾರ

ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿ ಒಂದರ ತೂಕ 11 ಗ್ರಾಂಗಿಂತ ತುಸು ಹೆಚ್ಚು. ನೂರು ರೂಪಾಯಿ ಎಂದರೆ 1 ಕಿಲೋ ದಾಟಿತು. ಅಷ್ಟು ರೊಕ್ಕ ಇಟ್ಟುಕೊಂಡು ಊರೂರು ದಾಟುವ ವ್ಯಾಪಾರಿ ಅದನ್ನು ಕೈಯಲ್ಲಿ ಹಿಡಿದು ಹೋಗುತ್ತಿರಲಿಲ್ಲ. ಹಮ್ಮಿಣಿ ಎಂಬ ಉದ್ದನೆಯ ಬಟ್ಟೆಯ ಚೀಲದೊಳಗೆ ನಾಣ್ಯ ಇಳಿಸಿ, ನಡುವಿನ ಸುತ್ತ ಬಿಗಿದು, ಮೇಲೆ ಧೋತರ ಉಟ್ಟು, ಅದರ ಮೇಲೆ ಅಂಗಿ ಬಿಟ್ಟುಕೊಂಡರೆ ಎದುರಿಗೆ ಕೂತವನಿಗೂ ಸುಳಿವು ಸಿಗುತ್ತಿರಲಿಲ್ಲ. ಸೀರೆಯ ಪೇಟೆಯಾದ ನಾರಾಯಣಪೇಟೆಗೆ, ಕೃಷ್ಣೆಯಾಚೆಯ ಗದ್ವಾಲಿಗೆ, ನಡುವಿನ ಮಕ್ತಲ್‌ಗೆ ಹೀಗೆ ಓಡಾಡಿದ ರೊಕ್ಕಕ್ಕೆ ಲೆಕ್ಕವಿಲ್ಲ.

ಈಗ ಅದೇ ದಾರಿಯಲ್ಲಿ ಶಾಸಕರ ಕಾರಿನ ಮುಂದಿನ ಸೀಟಿನಲ್ಲಿ ಕೂತ ಗನ್‌ಮ್ಯಾನ್ ಕೂಡ ನಡುವಿನಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕ ಹೊತ್ತಿರುತ್ತಾರೆ. ಗುಂಡು ತುಂಬಿದ 9 ಎಂಎಂ ಪಿಸ್ತೂಲು, ಅದನ್ನು ಸಿಕ್ಕಿಸುವ ಹೋಲ್ಸ್ಟರ್ ಸೇರಿ ಸುಮಾರು 1 ಕಿಲೋ. ಅದನ್ನೂ ಅಂಗಿಯೊಳಗೆ ಮರೆಮಾಡಬೇಕು, ದಿನವಿಡೀ ಹೊರಬೇಕು. ಈ ಸೀಮೆಯಲ್ಲಿ ಅದು ಬರೀ ಠೀವಿಯ ವಸ್ತುವಲ್ಲ. 2005ರ ಆಗಸ್ಟ್ 15ರಂದು, ಸ್ವಾತಂತ್ರ್ಯೋತ್ಸವದ ದಿನವೇ, ಮಕ್ತಲ್ ಶಾಸಕ ಚಿಟ್ಟೆಂ ನರ್ಸಿ ರೆಡ್ಡಿಯವರನ್ನು ಮಾವೋವಾದಿಗಳು ನಾರಾಯಣಪೇಟೆಯಲ್ಲಿ ಗುಂಡಿಕ್ಕಿ ಕೊಂದರು. ಅವರ ಮಗನೂ ಸೇರಿ ಇನ್ನೂ ಹಲವರು ಸತ್ತರು. ಅಂಗರಕ್ಷಣೆಯ ಕೆಲಸದಲ್ಲಿರುವವರಿಗೆ ನಡುವಿನ ಪಿಸ್ತೂಲನ್ನು ಬಿಚ್ಚಿ ಸೀಟಿನ ಮೇಲಿಡುವ ಸ್ವಾತಂತ್ರ್ಯ ಇಲ್ಲ. ಅದು ಚುಚ್ಚಿದರೂ, ಬೆವರಿನಲ್ಲಿ ಒದ್ದೆಯಾದರೂ ಮೈಮೇಲೆಯೇ ಇರಬೇಕು.

ತೂಕ ಒಂದೇ, ಕಟ್ಟುವ ಜಾಗ ಒಂದೇ. ಆದರೂ ಹಮ್ಮಿಣಿ ಮತ್ತು ಪಿಸ್ತೂಲು ಮೈಗೆ ಒಂದೇ ಅಲ್ಲ. ಯಾಕೆ ಎಂಬುದನ್ನು ಬಿಡಿಸಿ ನೋಡಿದರೆ ಸೀರೆಯ ಲಂಗದ ಲಾಡಿ, ಮಗುವಿನ ಉಡಿದಾರ, ಪೊಲೀಸರ ಬೆಲ್ಟು ಎಲ್ಲವೂ ಒಂದೇ ಭೌತಶಾಸ್ತ್ರದ ಕೆಳಗೆ ಬರುತ್ತವೆ. ಹೋಲ್ಸ್ಟರ್ ಒಂದನ್ನು ದಿನಬಳಕೆಗೆ ಒಗ್ಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಬಗೆಯೂ ಅಲ್ಲಿಂದಲೇ ಹುಟ್ಟುತ್ತದೆ.

ಲಾಡಿಯಿಂದ ಶುರುಮಾಡೋಣ, ಏಕೆಂದರೆ ಲೆಕ್ಕ ಸುಲಭ. ದುಂಡಗಿನ ವಸ್ತುವಿನ ಸುತ್ತ ಬಿಗಿದ ಪಟ್ಟಿ ಒಳಮುಖವಾಗಿ ಒತ್ತುತ್ತದೆ. ಆ ಒತ್ತಡ ಎಷ್ಟು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಬಿಗಿ ಎಳೆದಿದೆ, ಪಟ್ಟಿ ಎಷ್ಟು ಅಗಲ, ಸುತ್ತಿದ ವಸ್ತುವಿನ ತ್ರಿಜ್ಯ ಎಷ್ಟು. ಬಿಗಿತವನ್ನು ಅಗಲ ಮತ್ತು ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಹೆಸರಿನ ನಿಯಮವಿದು. 75 ಸೆಂಟಿಮೀಟರ್ ಸುತ್ತಳತೆಯ ನಡು ಎಂದುಕೊಳ್ಳಿ. ತ್ರಿಜ್ಯ ಸುಮಾರು 12 ಸೆಂಟಿಮೀಟರ್. ಲಾಡಿಯನ್ನು 1 ಕಿಲೋ ತೂಕದಷ್ಟು ಬಲದಿಂದ ಎಳೆದು ಗಂಟು ಹಾಕಿದರೆ, ಮತ್ತು ಅದು 3 ಮಿಲಿಮೀಟರ್ ಅಗಲದ ದಾರವಾಗಿದ್ದರೆ, ಚರ್ಮದ ಮೇಲಿನ ಒತ್ತಡ ಪಾದರಸದ ಸುಮಾರು 200 ಮಿಲಿಮೀಟರ್. ಅದೇ ಬಿಗಿತಕ್ಕೆ 3 ಸೆಂಟಿಮೀಟರ್ ಅಗಲದ ಪಟ್ಟಿ ಇಟ್ಟರೆ ಸುಮಾರು 20.

ಈ ಎರಡು ಅಂಕಿಗಳ ನಡುವೆ ಒಂದು ಗಡಿ ಇದೆ. ಅಮೆರಿಕದ ಶರೀರಶಾಸ್ತ್ರಜ್ಞ ಯೂಜೀನ್ ಲ್ಯಾಂಡಿಸ್ 1930ರಲ್ಲಿ ಮನುಷ್ಯರ ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳಿಗೆ ಕೂದಲಿಗಿಂತ ತೆಳುವಾದ ಗಾಜಿನ ನಳಿಕೆ ಚುಚ್ಚಿ ಒಳಗಿನ ಒತ್ತಡ ಅಳೆದರು. ರಕ್ತ ಒಳಬರುವ ತುದಿಯಲ್ಲಿ ಸರಾಸರಿ 32 ಮಿಲಿಮೀಟರ್ ಸಿಕ್ಕಿತು. ಹೊರಗಿನ ಒತ್ತು ಇದನ್ನು ಬಹಳ ಹೊತ್ತು ಮೀರಿದರೆ ಆ ಜಾಗದ ಚರ್ಮಕ್ಕೆ ರಕ್ತ ಸರಿಯಾಗಿ ಬರುವುದಿಲ್ಲ ಎಂಬ ತಿಳುವಳಿಕೆ ಆಮೇಲೆ ಆಸ್ಪತ್ರೆಗಳಲ್ಲಿ ಹಾಸಿಗೆ ಹುಣ್ಣು ತಡೆಯುವ ಕೆಲಸಕ್ಕೆ ಆಧಾರವಾಯಿತು. ಇದು ಗೆರೆ ಕೊರೆದಂಥ ಮಿತಿಯೇನಲ್ಲ. ಮೈಯ ಜಾಗ, ವಯಸ್ಸು, ಚರ್ಮದ ಕೆಳಗಿನ ಕೊಬ್ಬು ಎಲ್ಲದರಿಂದ ಬದಲಾಗುತ್ತದೆ. ಉಸಿರಾಡಿದಾಗ, ಬಗ್ಗಿ ಎದ್ದಾಗ ಪಟ್ಟಿ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ, ಆ ಏರಿಳಿತವೇ ಚರ್ಮಕ್ಕೆ ಉಸಿರು. ಆದರೂ 3 ಮಿಲಿಮೀಟರ್ ದಾರಕ್ಕೂ 3 ಸೆಂಟಿಮೀಟರ್ ಪಟ್ಟಿಗೂ ನಡುವಿನ ಹತ್ತು ಪಟ್ಟು ಅಂತರ ಈ ಗಡಿಯ ಆಚೆ ಒಂದನ್ನೂ ಈಚೆ ಇನ್ನೊಂದನ್ನೂ ನಿಲ್ಲಿಸುತ್ತದೆ.

ಸೂತ್ರದಲ್ಲಿರುವ ತ್ರಿಜ್ಯವನ್ನು ಮರೆಯಬಾರದು. ನಮ್ಮ ನಡು ಕೊಡದ ಹಾಗೆ ದುಂಡಗಿಲ್ಲ. ಹೊಟ್ಟೆಯ ಮುಂಭಾಗ ಹೆಚ್ಚುಕಡಿಮೆ ಚಪ್ಪಟೆ, ಪಕ್ಕಗಳಲ್ಲಿ ತಿರುವು ಬಿಗಿ, ಸೊಂಟದ ಮೂಳೆಯ ಏಣಿನ ಮೇಲಂತೂ ತ್ರಿಜ್ಯ ಅರ್ಧಕ್ಕಿಂತ ಕಡಿಮೆ. ತ್ರಿಜ್ಯ ಅರ್ಧವಾದರೆ ಒತ್ತಡ ದುಪ್ಪಟ್ಟು. ಲಾಡಿಯ ಗುರುತು ಹೊಟ್ಟೆಯ ಮೇಲಿಗಿಂತ ಎರಡೂ ಪಕ್ಕಗಳಲ್ಲಿ ಗಾಢವಾಗಿ ಉಳಿಯುವುದರ ಕಾರಣ ಇದೇ. ದುರದೃಷ್ಟಕ್ಕೆ ಪಿಸ್ತೂಲು ಕಟ್ಟುವುದೂ ಅಲ್ಲಿಯೇ, ಬಲಗೈಯವರಿಗೆ ಬಲ ಪಕ್ಕದ ಮೂಳೆಯ ನೇರಕ್ಕೆ.

ಹಮ್ಮಿಣಿಯ ಜಾಣತನ ಈಗ ಕಾಣುತ್ತದೆ. ಅದು ನೂರು ನಾಣ್ಯವನ್ನು ನಡುವಿನ ಇಡೀ ಸುತ್ತಿಗೆ ಹಂಚುತ್ತಿತ್ತು. ಯಾವ ಒಂದು ಜಾಗವೂ ಹೆಚ್ಚು ಹೊರುತ್ತಿರಲಿಲ್ಲ, ಎಡಬಲ ಸಮವಾಗಿರುತ್ತಿತ್ತು, ನಾಣ್ಯಗಳ ನಡುವೆ ಬಟ್ಟೆ ಮಡಚಿಕೊಳ್ಳುತ್ತಿದ್ದರಿಂದ ಕೂತಾಗ ಮೈಯ ಜೊತೆ ಅದೂ ಬಾಗುತ್ತಿತ್ತು. ಮುದುಕಿಯರು ನಡುವಿಗೆ ಸಿಕ್ಕಿಸಿಕೊಳ್ಳುವ ಎಲೆಯಡಿಕೆ ಚಂಚಿಯೂ ಹಾಗೆಯೇ: ಮೆತ್ತಗಿನ ಬಟ್ಟೆ, ಚಪ್ಪಟೆ ಆಕಾರ, ಒಂದೊಂದು ಸಾಮಾನಿಗೆ ಒಂದೊಂದು ಮಡಿಕೆ. ಪಿಸ್ತೂಲಿಗೆ ಈ ಯಾವ ಗುಣವೂ ಇಲ್ಲ. ಅದು ಬಾಗುವುದಿಲ್ಲ, ಹಂಚಿಕೊಳ್ಳುವುದಿಲ್ಲ, ಅಂಗೈಯಗಲದ ಜಾಗದ ಮೇಲೆ ತನ್ನ ಇಡೀ ಭಾರ ಹಾಕುತ್ತದೆ.

ಭಾರಕ್ಕಿಂತ ಕಾಟ ಕೊಡುವುದು ತಿರುಚುವ ಬಲ. ಗೋಡೆಯ ಮೊಳೆಗೆ ಚೀಲ ತೂಗುಹಾಕಿದರೆ ಮೊಳೆ ಕೆಳಕ್ಕೆ ಬಾಗುವ ಹಾಗೆ, ಬೆಲ್ಟಿನಿಂದ ಹೊರಗೆ ಚಾಚಿದ ಪಿಸ್ತೂಲು ಬೆಲ್ಟನ್ನು ಹೊರಕ್ಕೆ ಮಗುಚಲು ನೋಡುತ್ತದೆ. 1 ಕಿಲೋ ತೂಕ ಮೈಯಿಂದ 4 ಸೆಂಟಿಮೀಟರ್ ಆಚೆ ಇದ್ದು, ಬೆಲ್ಟು 4 ಸೆಂಟಿಮೀಟರ್ ಅಗಲವಿದ್ದರೆ, ಬೆಲ್ಟಿನ ಮೇಲಂಚು ಹೊರಕ್ಕೆ 1 ಕಿಲೋ ಬಲದಿಂದ ಎಳೆಯುತ್ತದೆ, ಕೆಳಂಚು ಅಷ್ಟೇ ಬಲದಿಂದ ಸೊಂಟದ ಮೂಳೆಗೆ ಒತ್ತುತ್ತದೆ. ಬೆಲ್ಟು 2 ಸೆಂಟಿಮೀಟರಿನದಾದರೆ ಎರಡೂ ದುಪ್ಪಟ್ಟು. ಪ್ಯಾಂಟು ಜಾರದಿರಲು ಸಾಕಾಗುವ ಮೆತ್ತನೆಯ ಬೆಲ್ಟು ಪಿಸ್ತೂಲಿಗೆ ಸಾಲದು ಎಂದು ಬಂದೂಕು ಬಲ್ಲವರು ಹೇಳುವುದರ ಹಿಂದಿನ ಗಣಿತ ಇಷ್ಟು. ಹೋಲ್ಸ್ಟರ್ ಬೆಲ್ಟಿನ ಕೆಳಗೂ ಚೆನ್ನಾಗಿ ಇಳಿದು, ಹಿಂಬದಿ ಅಗಲವಾಗಿದ್ದರೆ ಈ ಒತ್ತು ಹರಡಿ ಕಡಿಮೆಯಾಗುತ್ತದೆ. ಪ್ಯಾಂಟಿನ ಒಳಗೆ ಸಿಕ್ಕಿಸುವ ಬಗೆಯಲ್ಲಿ ಪಿಸ್ತೂಲು ಮೈಗೆ ಹತ್ತಿರ ಬರುವುದರಿಂದ ತಿರುಚುವ ಬಲ ತಗ್ಗುತ್ತದೆ, ಅಂಗಿಯ ಮರೆಯೂ ಚೆನ್ನಾಗಿ ಸಿಗುತ್ತದೆ. ಆದರೆ ಈಗ ಚರ್ಮಕ್ಕೂ ಹೋಲ್ಸ್ಟರಿಗೂ ನಡುವೆ ಬನಿಯನ್ ಒಂದೇ.

ಅಲ್ಲಿಗೆ ಬೆವರಿನ ಮಾತು ಬಂತು. ಕೃಷ್ಣಾ ತುಂಗಭದ್ರೆಯ ನಡುವಿನ ನಡಿಗಡ್ಡದಲ್ಲಿ, ಮಕ್ತಲ್‌ನ ಬಯಲಿನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಗಾಳಿ ಮೈಗಿಂತ ಬಿಸಿಯಾದಾಗ ಶಾಖ ಕಳೆಯಲು ದೇಹಕ್ಕೆ ಉಳಿಯುವ ದಾರಿ ಬೆವರು ಆರುವುದು ಮಾತ್ರ. 1 ಗ್ರಾಂ ಬೆವರು ಚರ್ಮದ ಮೇಲಿಂದ ಆವಿಯಾಗುವಾಗ ಸುಮಾರು 2,400 ಜೂಲ್ ಶಾಖ ಹೊತ್ತೊಯ್ಯುತ್ತದೆ. ಮೈಗೆ ಅಂಟಿದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅದು ಆವಿಯಾಗುವುದೇ ಇಲ್ಲ. ಬರೀ ನೀರಾಗಿ ನಿಲ್ಲುತ್ತದೆ, ಚರ್ಮದ ಹೊರಪದರವನ್ನು ನೆನೆಸುತ್ತದೆ.

ನೆನೆದ ಚರ್ಮದ ಉಜ್ಜುವಿಕೆಯ ಗುಣವೇ ಬೇರೆ. ನೀರು ಜಾರಿಸುತ್ತದೆ ಎಂದು ನಾವು ಎಣಿಸುತ್ತೇವೆ. ನೀರಿನ ಪದರ ತುಂಬಾ ಇದ್ದಾಗ ಅದು ನಿಜ. ಆದರೆ ಬರೀ ತೇವವಿರುವ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಹಿಡಿಯುತ್ತದೆ. ಪಿ. ಎಫ್. ಡಿ. ನೇಲರ್ 1955ರಲ್ಲಿ ಬ್ರಿಟಿಷ್ ಚರ್ಮವೈದ್ಯ ಪತ್ರಿಕೆಯಲ್ಲಿ ಈ ವಿಚಿತ್ರವನ್ನು ಅಳತೆಯೊಂದಿಗೆ ತೋರಿಸಿದರು. ಒಣ, ತೇವ, ಪೂರ್ತಿ ಒದ್ದೆ ಈ ಮೂರರಲ್ಲಿ ನಡುವಿನದೇ ಕೆಟ್ಟದ್ದು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಡುಪಟ್ಟಿಯ ಕೆಳಗೆ ಇರುವುದು ಅದೇ ಸ್ಥಿತಿ. ಹಿಡಿದ ಚರ್ಮ ಜಾರುವ ಬದಲು ಎಳೆದಾಡುತ್ತದೆ, ಒಳಪದರಗಳು ಒಂದರ ಮೇಲೊಂದು ಸರಿಯುತ್ತವೆ, ಗುಳ್ಳೆ ಏಳುವುದು ಹಾಗೆ.

ಬಟ್ಟೆಯ ಆಯ್ಕೆ ಇಲ್ಲಿ ಮುಖ್ಯ. ಪ್ರಯೋಗಾಲಯದ ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಂಡು ಇರುತ್ತದೆ, ರೇಷ್ಮೆ 11 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಗದ್ವಾಲಿನ ನೇಕಾರರು ಮೈಯನ್ನು ಹತ್ತಿನೂಲಿನಲ್ಲಿ, ಅಂಚು ಸೆರಗನ್ನು ರೇಷ್ಮೆಯಲ್ಲಿ ನೆಯ್ದು, ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಈ ಸೀರೆ ಉಟ್ಟಾಗ ಮೈಯೆಲ್ಲ ನೂಲು, ಆದರೆ ನಡುವಿನಲ್ಲಿ ಲಂಗದೊಳಗೆ ಸಿಕ್ಕಿಸುವುದು ಮೇಲಂಚು. ಚರ್ಮಕ್ಕೆ ನೇರವಾಗಿ ತಾಗುವುದು ರೇಷ್ಮೆ ಮತ್ತು ಜರಿ. ರೇಷ್ಮೆ ತೇವ ಹೀರುತ್ತದೆ, ಸರಿ. ಜರಿ ಹೀರುವುದಿಲ್ಲ, ಬಾಗಲೂ ಒಲ್ಲದು. ಸೀರೆಯ ಸೌಖ್ಯದ ಬಗ್ಗೆ ಮಾತಾಡುವವರು ಸೆರಗು ನೆರಿಗೆಗಳನ್ನು ನೋಡುತ್ತಾರೆ. ನಾನಾದರೆ ಮೊದಲು ಈ ಮೇಲಂಚಿನ ನಾಲ್ಕು ಬೆರಳು ಜಾಗವನ್ನು ಮುಟ್ಟಿ ನೋಡುತ್ತೇನೆ. ಜೊತೆಗೆ ಇನ್ನೊಂದು: ಒರಟು ನೂಲಿನ ಸೀರೆ ತಾನಾಗಿ ಹಿಡಿದುಕೊಳ್ಳುತ್ತದೆ, ಲಾಡಿ ಸ್ವಲ್ಪ ಸಡಿಲಿದ್ದರೂ ನಡೆದೀತು. ನುಣುಪಾದ ಪಾಲಿಯೆಸ್ಟರ್ ಜಾರುವುದರಿಂದ ಅದನ್ನು ನಿಲ್ಲಿಸಲು ಲಾಡಿ ಬಿಗಿಯಬೇಕಾಗುತ್ತದೆ. ಬೆವರು ಹೀರದ ಬಟ್ಟೆಗೆ ಹೆಚ್ಚಿನ ಬಿಗಿತವೂ ಸೇರಿತು.

ಹೋಲ್ಸ್ಟರಿನಲ್ಲೂ ಇದೇ ತೂಗಾಟ. ಚರ್ಮದ್ದು ಬೆವರು ಹೀರುತ್ತದೆ, ದಿನ ಕಳೆದಂತೆ ಮೈಯ ಆಕಾರಕ್ಕೆ ಒಗ್ಗುತ್ತದೆ, ಆದರೆ ಹೀರಿದ ಉಪ್ಪುನೀರನ್ನು ಒಳಗಿನ ಉಕ್ಕಿಗೆ ತಾಗಿಸಿ ತುಕ್ಕು ಹಿಡಿಸಬಲ್ಲದು. ನೆನೆದು ಮೆತ್ತಗಾದ ಬಾಯಿ ಒಳಕ್ಕೆ ಮಡಚಿಕೊಂಡರೆ ಪಿಸ್ತೂಲು ಒಳಗಿಡುವಾಗ ಅದರ ಕುದುರೆಗೆ, ಅಂದರೆ ಟ್ರಿಗರಿಗೆ, ತಾಗುವ ಅಪಾಯವೂ ಇದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಆಕಾರ ಬಿಡುವುದಿಲ್ಲ, ಕುದುರೆಯನ್ನು ಬಿಗಿಯಾಗಿ ಮುಚ್ಚಿಡುತ್ತದೆ, ಒರೆಸಿದರೆ ಶುಚಿ. ಆದರೆ ಒಂದು ಹನಿ ಬೆವರನ್ನೂ ಹೀರದು. ಸುರಕ್ಷತೆಗೆ ಗಟ್ಟಿ ಚಿಪ್ಪು, ಚರ್ಮದ ಕಡೆಗೆ ಗಾಳಿಯಾಡುವ ಬಟ್ಟೆಯ ಹಿಂಬದಿ, ಹೀಗೆ ಎರಡನ್ನೂ ಕೂಡಿಸಿದ ಹೋಲ್ಸ್ಟರುಗಳೇ ನಮ್ಮ ಹವೆಗೆ ಸರಿ ಎಂದು ನನ್ನ ಅಭಿಪ್ರಾಯ.

ಒತ್ತು ಚರ್ಮಕ್ಕೇ ನಿಲ್ಲುವುದಿಲ್ಲ. ಸೊಂಟದ ಮೂಳೆಯ ಮುಂದಿನ ತುದಿಯ ಪಕ್ಕದಲ್ಲಿ, ತೊಡೆಸಂದಿನ ಪಟ್ಟಿಯ ಕೆಳಗೆ ತೂರಿ, ತೊಡೆಯ ಹೊರಬದಿಗೆ ಒಂದು ನರ ಹೋಗುತ್ತದೆ. ಅದರ ಕೆಲಸ ಆ ಭಾಗದ ಚರ್ಮದ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವುದು ಮಾತ್ರ. ಬಿಗಿ ಬೆಲ್ಟು, ಉಪಕರಣದ ಪಟ್ಟಿ, ಬೊಜ್ಜು, ಗರ್ಭ ಯಾವುದರಿಂದಲಾದರೂ ಅಲ್ಲಿ ಒತ್ತು ಬಿದ್ದರೆ ತೊಡೆಯ ಹೊರಬದಿ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಕಾಲಿನ ಬಲ ಕುಂದುವುದಿಲ್ಲ, ಯಾಕೆಂದರೆ ಈ ನರ ಯಾವ ಸ್ನಾಯುವನ್ನೂ ಆಡಿಸುವುದಿಲ್ಲ. ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ ಎಂಬ ಈ ತೊಂದರೆಯನ್ನು 1895ರಲ್ಲಿ ಜರ್ಮನಿಯ ಬರ್ನ್‌ಹಾರ್ಟ್, ರಷ್ಯದ ರೋತ್ ಬೇರೆ ಬೇರೆಯಾಗಿ ವಿವರಿಸಿದರು. ಅದೇ ವರ್ಷ ಸಿಗ್ಮಂಡ್ ಫ್ರಾಯ್ಡ್ ತಮ್ಮ ತೊಡೆಯಲ್ಲೇ ಅನುಭವಿಸಿದ್ದನ್ನು ಬರೆದರು. ಬಂದೋಬಸ್ತಿಗೆ ದಿನವಿಡೀ ನಿಲ್ಲುವ ಪೊಲೀಸರು, ಸೊಂಟಕ್ಕೆ ಸಲಕರಣೆ ಬಿಗಿದುಕೊಳ್ಳುವ ಕಾರ್ಮಿಕರು ತೊಡೆಯ ಉರಿಯನ್ನು ಬೆನ್ನಿನ ದೋಷ ಎಂದುಕೊಂಡು ಎಕ್ಸ್‌ರೇ ತೆಗೆಸುವ ಮೊದಲು ಒಂದು ವಾರ ಬೆಲ್ಟಿನ ಜಾಗ ಬದಲಿಸಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಒತ್ತು, ಬೆವರು, ಉಜ್ಜಾಟ ಇದ್ದೂ ನಮಗೆ ಸಂಜೆಯ ಹೊತ್ತಿಗೆ ಏನೂ ಅನಿಸಿರುವುದಿಲ್ಲ. ಇದು ಈ ವಿಷಯದ ತಿರುಳು. ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಸ್ವೀಡನ್ನಿನ ಯಿಂಗ್ವೆ ಜೊಟ್ಟರ್‌ಮನ್ 1926ರಲ್ಲಿ ಒಂದೇ ನರತಂತುವಿನ ವಿದ್ಯುತ್ ಮಿಡಿತಗಳನ್ನು ದಾಖಲಿಸಿದರು. ಬದಲಾಗದೆ ಒಂದೇ ಸಮ ಇರುವ ಪ್ರಚೋದನೆಗೆ ಮಿಡಿತಗಳು ಮೊದಲು ದಟ್ಟವಾಗಿ ಬಂದು ಬರಬರುತ್ತ ವಿರಳವಾಗುತ್ತವೆ ಎಂದು ಕಂಡಿತು. ಏಡ್ರಿಯನ್‌ಗೆ 1932ರಲ್ಲಿ ನೊಬೆಲ್ ಬಂದುದರ ಹಿಂದೆ ಈ ಕೆಲಸವಿತ್ತು. ಬಾಲ್ಯದಲ್ಲಿ ಕಟ್ಟಿದ ಉಡಿದಾರ ಮೈಮೇಲಿದೆ ಎಂಬುದೇ ಗೊತ್ತಾಗದಿರುವುದು ಇದರಿಂದ. ಸಡಿಲ ಉಡಿದಾರದ ಮಟ್ಟಿಗೆ ಆ ಮರೆವು ನಿರಪಾಯ. ಬಿಗಿ ಲಾಡಿಯ ಮಟ್ಟಿಗೆ ಹಾಗಲ್ಲ. ಅನಿಸುವುದು ನಿಂತಿತು ಎಂದರೆ ನರ ಸುಮ್ಮನಾಯಿತು ಎಂದಷ್ಟೇ. ಚರ್ಮದ ಮೇಲೆ ನಡೆಯುತ್ತಿರುವುದು ನಿಂತಿರುವುದಿಲ್ಲ.

ದಶಕಗಟ್ಟಲೆ ನಡೆದರೆ ಏನಾಗುತ್ತದೆ ಎಂಬುದು ನಮ್ಮ ದೇಶದ ವೈದ್ಯರ ದಾಖಲೆಯಲ್ಲಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿ, ಭಾರತೀಯರ ರೂಢಿಗಳಿಗೆ ಅಂಟಿಬಂದ ಕ್ಯಾನ್ಸರುಗಳ ಬಗ್ಗೆ ಬರೆಯುತ್ತ, ಧೋತಿ ಬಿಗಿಯುವ ಸೊಂಟದ ಜಾಗದಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ಗುರುತಿಸಿದರು. 2024ರ ನವೆಂಬರಿನಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಬ್ಬರು ಹಿರಿಯ ಮಹಿಳೆಯರ ಪ್ರಕರಣ ಪ್ರಕಟಿಸಿದರು. 70 ವರ್ಷದ ಒಬ್ಬರಿಗೆ ಬಲ ಪಕ್ಕೆಯಲ್ಲಿ 18 ತಿಂಗಳಿಂದ ಮಾಯದ ಹುಣ್ಣು. ಇನ್ನೊಬ್ಬರು ಲಂಗವಿಲ್ಲದೆ ಲುಗಡೆ ಎಂಬ ಸೀರೆಯನ್ನೇ ನಡುವಿಗೆ ಬಿಗಿಯಾಗಿ ಕಟ್ಟಿ ದಶಕಗಳನ್ನು ಕಳೆದವರು. ಇಬ್ಬರದೂ ಮಾರ್ಜೊಲಿನ್ ಹುಣ್ಣು, ಅಂದರೆ ಬಹುಕಾಲ ಕೆರಳಿದ ಗಾಯದಿಂದ ಹುಟ್ಟಿದ ಕ್ಯಾನ್ಸರ್. ಇದು ತೀರ ಅಪರೂಪ, ಸೀರೆ ಉಡುವವರು ಹೆದರಬೇಕಾಗಿಲ್ಲ. ಅಪರೂಪವಲ್ಲದ್ದು ಅದಕ್ಕಿಂತ ಮೊದಲಿನ ಹಂತಗಳು: ನಡುವಿನ ಸುತ್ತ ಕಪ್ಪುಗಟ್ಟಿದ ಪಟ್ಟಿ, ದಪ್ಪಗಾಗಿ ತುರಿಸುವ ಚರ್ಮ, ಬೆವರಿನ ಮಡಿಕೆಯಲ್ಲಿ ಹಬ್ಬುವ ಗಜಕರ್ಣ. ತೊನ್ನು ಇರುವವರಲ್ಲಿ ಉಜ್ಜಿದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಮೂಡುವುದನ್ನು ಚರ್ಮವೈದ್ಯರು ಸೀರೆಯ ನಡುಪಟ್ಟಿಯಲ್ಲಿ ಎಷ್ಟೋ ಸಲ ಕಂಡಿದ್ದಾರೆ.

ಹೀಗಿರುವಾಗ ಅಂಗಡಿಯಲ್ಲಿ ಐದು ನಿಮಿಷ ಕಟ್ಟಿ ನೋಡಿ ಚೆನ್ನಾಗಿದೆ ಎನ್ನುವ ಪರೀಕ್ಷೆಗೆ ಬೆಲೆಯಿಲ್ಲ. ಹಿತ ಮತ್ತು ಅಹಿತ ಒಂದೇ ಗೆರೆಯ ಎರಡು ತುದಿಗಳಲ್ಲ ಎಂದು ಝಾಂಗ್, ಹೆಲಾಂಡರ್ ಮತ್ತು ಡ್ರೂರಿ 1996ರಲ್ಲಿ ಕೂರುವುದರ ಬಗೆಗಿನ ಅಧ್ಯಯನದಲ್ಲಿ ತೋರಿಸಿದರು. ಹಿತ ಎನಿಸುವುದರಲ್ಲಿ ನೋಟ, ನುಣುಪು, ಮೆಚ್ಚುಗೆ ಸೇರಿರುತ್ತವೆ. ಅಹಿತ ಹುಟ್ಟುವುದು ಒತ್ತು, ನೋವು, ಜೋಮಿನಿಂದ, ಹೊತ್ತು ಕಳೆದಂತೆ ಏರುತ್ತ. ಆದ್ದರಿಂದ ಅಹಿತವನ್ನೇ ಅಳೆಯಬೇಕು. ಕಾರ್ಲೆಟ್ ಮತ್ತು ಬಿಷಪ್ 1976ರಲ್ಲಿ ಕೊಟ್ಟ ಉಪಾಯ ಸರಳ: ದೇಹದ ಚಿತ್ರವನ್ನು ಭಾಗ ಮಾಡಿ, ಕೆಲಸದ ನಡುವೆ ಆಗಾಗ ಕೇಳಿ ಯಾವ ಭಾಗ ಹೆಚ್ಚು ಕಾಡುತ್ತಿದೆ ಎಂದು ಗುರುತು ಹಾಕಿಸುವುದು. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಗದ್ವಾಲಿನ ಠಾಣೆಯಲ್ಲೂ ಮಾಡಬಹುದು.

ಏನು ಮಾಡುತ್ತ ಕೇಳಬೇಕು ಎಂಬುದು ಮಾತ್ರ ನಮ್ಮದೇ ಆಗಿರಬೇಕು. ಹೋಲ್ಸ್ಟರುಗಳನ್ನು ಹೊರದೇಶಗಳಲ್ಲಿ ಕುರ್ಚಿಯಲ್ಲಿ ಕೂರುವ, ಕಾರು ಓಡಿಸುವ ಮೈಗಳ ಮೇಲೆ ನೋಡಿರುತ್ತಾರೆ. ಇಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಬೈಕಿನ ಹಿಂದೆ ಕೂತು ಕಚ್ಚಾ ರಸ್ತೆಯಲ್ಲಿ ಹೋಗಬೇಕು. ತೊಡೆ ಹೊಟ್ಟೆಗೆ ಬಂದಾಗ ಹೋಲ್ಸ್ಟರಿನ ಕೆಳತುದಿ ಮೇಲಕ್ಕೆ ಎತ್ತಲ್ಪಟ್ಟು ಹಿಡಿಯು ಪಕ್ಕೆಲುಬಿಗೆ ಗುದ್ದುತ್ತದೆ. ಕುರ್ಚಿಯಲ್ಲಿ ಗೊತ್ತಾಗದ ದೋಷ ನೆಲದಲ್ಲಿ ಕೂತ ಕೂಡಲೇ ಗೊತ್ತಾಗುತ್ತದೆ. ಮಹಿಳಾ ಪೇದೆಯರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಅಗಲವಾದ ಸೊಂಟ ಬೆಲ್ಟಿನ ಕೆಳಭಾಗವನ್ನು ಹೊರಕ್ಕೆ ನೂಕುವುದರಿಂದ ಪಿಸ್ತೂಲಿನ ಹಿಡಿ ಒಳಕ್ಕೆ ವಾಲಿ ಪಕ್ಕೆಗೆ ಒತ್ತುತ್ತದೆ. ಗಂಡಸಿನ ಸೊಂಟಕ್ಕೆ ಮಾಡಿದ ಹೋಲ್ಸ್ಟರನ್ನು ಅವರಿಗೆ ಕೊಟ್ಟು ಒಗ್ಗಿಸಿಕೊಳ್ಳಿ ಎನ್ನುವುದು ಅನ್ಯಾಯ.

ಪರೀಕ್ಷೆಯ ಪಿಸ್ತೂಲು ಖಾಲಿಯಾಗಿರಬೇಕು, ಖಾಲಿ ಎಂದು ಇಬ್ಬರು ನೋಡಿರಬೇಕು. ತೂಕ ಸರಿಹೊಂದುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಕುದುರೆ ಪೂರ್ತಿ ಮುಚ್ಚಿಕೊಳ್ಳುವುದೇ, ತಲೆಕೆಳಗೆ ಹಿಡಿದು ಅಲ್ಲಾಡಿಸಿದರೆ ಜಾರುವುದೇ ಎಂದು ಮೊದಲು ನೋಡಬೇಕು. ಇಲ್ಲಿ ಸೋತದ್ದಕ್ಕೆ ಹಿತದ ಪರೀಕ್ಷೆ ಬೇಕಿಲ್ಲ. ಬಟ್ಟೆಯ ಬಾಳಿಕೆಗೆ ಜೆ. ಜಿ. ಮಾರ್ಟಿಂಡೇಲ್ 1942ರಲ್ಲಿ ರೂಪಿಸಿದ ಉಜ್ಜುಯಂತ್ರ ಇಂದಿಗೂ ಜವಳಿ ಪ್ರಯೋಗಾಲಯಗಳಲ್ಲಿದೆ. ಬೇರೆ ಬೇರೆ ದಿಕ್ಕಿಗೆ ಸುತ್ತುತ್ತ ತುಂಡು ಬಟ್ಟೆಯನ್ನು ಸಾವಿರಾರು ಸಲ ಉಜ್ಜಿ, ಯಾವಾಗ ಎಳೆ ಹರಿಯಿತು ಎಂದು ಎಣಿಸುತ್ತದೆ. ಹೋಲ್ಸ್ಟರಿನ ಹಿಂಬದಿಯ ಬಟ್ಟೆಗೂ ಸೀರೆಯಂಚಿಗೂ ಅದು ಸಲ್ಲುತ್ತದೆ, ಬೆವರಿನಷ್ಟೇ ಉಪ್ಪಿರುವ ನೀರು ಹಾಕಿ ಉಜ್ಜಿದರೆ ನಮ್ಮ ಬೇಸಿಗೆಗೆ ಹತ್ತಿರ ಬರುತ್ತದೆ.

ಕೊನೆಯ ಸಾಕ್ಷಿ ಚರ್ಮದ್ದು. ರಾತ್ರಿ ಬಿಚ್ಚಿದ ಮೇಲೆ ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳುಚಿ ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ, ಆ ಗುರುತು ಅರ್ಧ ಗಂಟೆಯಲ್ಲಿ ಹೋಗಬೇಕು. ಒತ್ತಿದರೂ ಬಣ್ಣ ಕದಲದಿದ್ದರೆ ಅದು ಒತ್ತುಹುಣ್ಣಿನ ಮೊದಲ ಹಂತ ಎಂದು ದಾದಿಯರಿಗೆ ಕಲಿಸುತ್ತಾರೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಅಲ್ಲಿ ಬಿಸಿ, ಗಡಸು, ಮುಟ್ಟಿದರೆ ನೋವು ಇವನ್ನು ನೋಡಬೇಕು. ಈ ಪರೀಕ್ಷೆ ಪಿಸ್ತೂಲಿನವರಿಗಷ್ಟೇ ಅಲ್ಲ, ಲಂಗ ಉಡುವ ಎಲ್ಲರಿಗೂ ಸಲ್ಲುತ್ತದೆ. ಗುರುತು ಮರುದಿನ ಬೆಳಿಗ್ಗೆಯೂ ಇದ್ದರೆ ದಾರದ ಲಾಡಿ ತೆಗೆದು ಮೂರು ಬೆರಳಗಲದ ಹತ್ತಿಯ ಪಟ್ಟಿ ಹೊಲಿಸಬೇಕು, ಕಟ್ಟುವ ಮಟ್ಟವನ್ನು ದಿನ ಬಿಟ್ಟು ದಿನ ಒಂದಂಗುಲ ಮೇಲೆ ಕೆಳಗೆ ಬದಲಿಸಬೇಕು. ಗಾಯ ಮೂರು ವಾರಕ್ಕೂ ಮಾಯದಿದ್ದರೆ ಮನೆಮದ್ದು ಹಚ್ಚುತ್ತ ಕೂರದೆ ಚರ್ಮವೈದ್ಯರಿಗೆ ತೋರಿಸಬೇಕು.